ಗೋಡೆಗೆ ಆನಿಕೊಂಡ ನಿದ್ದೆ

ಕರೆಂಟು ಹೋಗಬಹುದಿತ್ತು. ಕರೆಂಟು ಹೋಗಿ, ಮೂಗಿನ ಮೇಲಿನ ಮುಖವಾಡ ಹಾಗೇ ಕಚ್ಚಿಕೊಂಡು, ನಾನು ಅದರೊಳಗೇ ಉಸಿರುಗಟ್ಟಿ, ಬೆಳಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು ಬೇಸತ್ತು ವಾಪಸು ಹೋಗಬಹುದಿತ್ತು. ಗಾಳಿಯ ಕೊಳವೆ ಕುತ್ತಿಗೆಗೆ ಸುತ್ತಿಕೊಳ್ಳಬಹುದಿತ್ತು. ಕೊರಳಿನ ಲಿಂಗದ ಶಿವದಾರವೂ ಮುಖವಾಡದ ಪಟ್ಟಿಯೂ ಒಂದಕ್ಕೊಂದು ಗಂಟುಬಿದ್ದು, ಯಾವುದನ್ನು ಕತ್ತರಿಸುವುದು ಎಂಬ ಧರ್ಮಸಂಕಟ ಬರಬಹುದಿತ್ತು. ಮಷೀನಿನ ನೀರಿನ ಡಬ್ಬಿಗೆ ಇರುವೆ ಇಳಿದು, ಆ ಇರುವೆಗಳು ಗಾಳಿಯ ಸವಾರಿ ಮಾಡಿಕೊಂಡು ನೇರ ನನ್ನ ಮೂಗಿಗೆ ಬರಬಹುದಿತ್ತು. ಹಲ್ಲಿಯ ಮಾತಂತೂ ಬೇಡವೇ ಬೇಡ. ಹತ್ತಿ ಸೀಜನ್ನಿನಲ್ಲಿ ನಮ್ಮ ಆದವಾನಿಯ ಗಾಳಿಯೆಂದರೆ ಅರ್ಧ ಗಾಳಿ, ಅರ್ಧ ಅರಳೆಯ ಎಳೆ. ಅದೆಲ್ಲ ಮಷೀನಿನ ಜಾಲರಿಯಲ್ಲಿ ಕೂತು, ಮಷೀನಿಗೇ ಕೆಮ್ಮು ಹತ್ತಿ, ಅದಕ್ಕೊಬ್ಬ ಡಾಕ್ಟರನ್ನು ಹುಡುಕಬೇಕಾಗಬಹುದಿತ್ತು. ನನ್ನ ಅವತಾರ ನೋಡಿ ಯಜಮಾನರು ಹೆದರಬಹುದಿತ್ತು. ಇಲ್ಲವೇ ನಗಬಹುದಿತ್ತು, ಅದು ಇನ್ನೂ ಕೆಟ್ಟದ್ದು.

ಇಷ್ಟನ್ನೂ ನಾನು ಮಷೀನು ಮನೆಗೆ ಬರುವ ಮೊದಲೇ ಚಿಂತಿಸಿ ಮುಗಿಸಿದ್ದೆ. ಚಿಂತೆ ಮಾಡುವುದರಲ್ಲಿ ನಾನು ಎಂದೂ ಬಾಕಿ ಉಳಿಸಿಕೊಂಡವಳಲ್ಲ.

ಕಾಯಿಲೆ ಇಷ್ಟೇ. ನಿದ್ದೆಯಲ್ಲಿ ನನ್ನ ಉಸಿರು ನಿಲ್ಲುತ್ತದೆ. ಅಂಗಾತ ಮಲಗಿದಾಗ ಗಂಟಲೊಳಗಿನ ಮಾಂಸ ಸಡಿಲಾಗಿ ಹಿಂದಕ್ಕೆ ಬಿದ್ದು ದಾರಿ ಮುಚ್ಚುತ್ತದಂತೆ. ಗಾಳಿ ಸಿಗದೆ ಮಿದುಳು ಗಾಬರಿಯಾಗಿ ನನ್ನನ್ನು ಅರ್ಧ ಎಬ್ಬಿಸುತ್ತದಂತೆ. ದೊಡ್ಡದೊಂದು ಗೊರಕೆ ಹೊಡೆದು, ಉಸಿರೆಳೆದು, ಮತ್ತೆ ಮಲಗುತ್ತೇನಂತೆ. ರಾತ್ರಿಯಿಡೀ ಇದೇ ಕಸರತ್ತು. ಹಾಗಾಗಿ ಹಗಲೆಲ್ಲ ತೂಕಡಿಕೆ. ಬಳ್ಳಾರಿಯ ಡಾಕ್ಟರು ಇದನ್ನೆಲ್ಲ ಕೈ ಆಡಿಸಿ ತೋರಿಸುತ್ತಿರುವಾಗ ನಾನು ಅವರ ಎದುರಿನ ಕುರ್ಚಿಯಲ್ಲಿಯೇ ಒಂದು ಸಲ ಜೋಲಿ ಹೊಡೆದೆ. ಶಾಲೆಯಲ್ಲಿ ಪಾಠ ಮಾಡುತ್ತ ಬೋರ್ಡಿಗೆ ಹಣೆ ಹಚ್ಚಿ ನಿದ್ದೆಹೋದವಳು ನಾನು. ಮಕ್ಕಳು ಗಲಾಟೆ ಮಾಡದೆ ಸುಮ್ಮನೆ ಕೂತಿದ್ದರು. ಅದನ್ನು ಶಿಸ್ತು ಎಂದುಕೊಂಡು ಹೆಡ್ ಮಾಸ್ತರರು ನನ್ನನ್ನು ಹೊಗಳಿದ್ದೂ ಉಂಟು.

ಮೂಗಿನಿಂದ ಗಾಳಿ ಒತ್ತಿ ಗಂಟಲಿನ ದಾರಿ ತೆರೆದಿಡುವ ಆ ಮಷೀನು ತಂದುಕೊಟ್ಟ ಹುಡುಗ ಕರ್ನೂಲು ಕಡೆಯವನು. ನನ್ನ ಮುಖದ ಅಳತೆ ನೋಡಿ, ಪಟ್ಟಿ ಬಿಗಿದು, ಸಡಿಲಿಸಿ, ಮತ್ತೆ ಬಿಗಿದ. “ಏಂ ಕಾದು ಮೇಡಮ್ಮಾ, ಭಯ ಪಡಬ್ಯಾಡ್ರಿ. ಮೊದಲು ಹಗಲು ಹೊತ್ತು ಹಾಕ್ಕೊಂಡು ಸುಮ್ನ ಕುಂದ್ರಿ. ಟೀವಿ ನೋಡ್ರಿ. ಗಾಳಿ ಜೊತಿ ದೋಸ್ತಿ ಮಾಡ್ರಿ. ಆಮ್ಯಾಲ ಮಲಗೋ ಮಾತು,” ಎಂದ. ನನ್ನ ಬಾಯಿ ತೆರೆದುಕೊಳ್ಳುತ್ತದೆ, ಗಾಳಿಯೆಲ್ಲ ಅಲ್ಲಿಂದಲೇ ಸೋರಿಹೋಗುತ್ತದೆ ಎಂದು ಇನ್ನೊಂದು ಅಗಲವಾದ ಪಟ್ಟಿ ಕೊಟ್ಟ. ಅದನ್ನು ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಕಟ್ಟಬೇಕು.

ಗೋಡೆಗೆ ಆನಿಕೊಂಡು ಕೂರಲೆಂದು ಯಜಮಾನರು ಒಂದು ಲೋಡು ಹೊಲಿಸಿ ತಂದರು. ಹತ್ತಿ ಪೇಟೆಯ ಅಂಗಡಿಗಳಲ್ಲಿ ಬಿಳಿ ಗಾದಿಯ ಮೇಲೆ ಇಟ್ಟಿರುತ್ತಾರಲ್ಲ, ಅಂಥ ಉರುಟು ದಿಂಬು. ಹೊಸ ಅರಳೆ. ಜಿನ್ನಿಂಗ್ ಮಿಲ್ಲಿನಿಂದ ಆಗ ತಾನೇ ಬಂದ ಅರಳೆಗೆ ಒಂದು ವಾಸನೆ ಇರುತ್ತದೆ: ಹತ್ತಿಕಾಳಿನ ಎಣ್ಣೆ, ಬಿಸಿಲು, ಸ್ವಲ್ಪ ಧೂಳು. ಮುಖವಾಡ ಹಾಕಿಕೊಳ್ಳುವ ಮುನ್ನ ಲೋಡಿಗೆ ಒರಗಿ ಒಮ್ಮೆ ಉಸಿರೆಳೆದೆ. ಆಮೇಲೆ ಪಟ್ಟಿ ಕಟ್ಟಿ, ಮುಖವಾಡ ಏರಿಸಿ, ಗುಂಡಿ ಒತ್ತಿ ತಲೆ ಎತ್ತಿದೆ.

ಹಳೆಯ ಮನೆಯ ಅಕ್ಕ ನೆನಪಾದಳು.

ನೆನಪಾದಳು ಎಂದರೆ ತಪ್ಪು. ಆಕೆ ಅಲ್ಲೇ, ಎದುರಿಗೆ, ನನ್ನ ಅಲಮಾರಿನ ಕನ್ನಡಿಯಲ್ಲಿ ಕೂತಿದ್ದಳು. ಗೋಡೆಗೆ ಬೆನ್ನು, ಬೆನ್ನ ಹಿಂದೆ ಲೋಡು, ಗದ್ದದಿಂದ ನೆತ್ತಿಗೆ ಕಟ್ಟಿದ ಪಟ್ಟಿ… ನಾನು ಮುಖವಾಡ ಕಿತ್ತು ಮಂಚದ ಮೇಲೆ ಎಸೆದೆ. ಗಾಳಿ ಬುಸುಗುಡುತ್ತ ಹಾಗೇ ಬರುತ್ತಿತ್ತು.

ಮದುವೆಯಾದ ಹೊಸತರಲ್ಲಿ ನಾವು ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಒಂದು ವ್ಯಾಪಾರಸ್ಥರ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆವು. ಕೆಳಗೆ ಆ ಮನೆಯವರು. ಹತ್ತಿ ದಲಾಲಿ ಅಂಗಡಿಯವರು, ನಮ್ಮಂತೆಯೇ ಲಿಂಗ ಕಟ್ಟಿದವರು. ಮನೆಯನ್ನು ಆಳುತ್ತಿದ್ದವರು ವಯಸ್ಸಾದ ತಾಯಿ. ಓಣಿಯವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ಅವರ ಸೊಸೆಯೇ ಈ ಅಕ್ಕ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ತುಂಬಿದ ಮೈ, ಗಿಡ್ಡ ಕೊರಳು, ಬಾಯಿ ತುಂಬ ಮಾತು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವತ್ತೂ ‘ಟೀಚರಮ್ಮ’. ಆ ‘ಅಮ್ಮ’ದಲ್ಲಿ ಗೌರವ ಸ್ವಲ್ಪ, ಚೇಷ್ಟೆ ಬಹಳ.

ಓಣಿಯಲ್ಲಿ ಆಕೆ ಎರಡಕ್ಕೆ ಪ್ರಸಿದ್ಧಿ. ಒಂದು ಗೊರಕೆ, ಇನ್ನೊಂದು ತೂಕಡಿಕೆ. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಹಾಸಿಕೊಳ್ಳುತ್ತಿದ್ದಾಗ ಆ ಗೊರಕೆ ಮನೆಯಿಂದ ಮನೆಗೆ ದಾಟುತ್ತಿತ್ತು. ಮರುದಿನ ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟುಕೊಂಡು ಚುಡಾಯಿಸುವ ಮೊದಲೇ ಆಕೆಯೇ ಶುರುಮಾಡುತ್ತಿದ್ದಳು: “ರಾತ್ರಿ ನಾ ಮಲಗಿದ್ರ ಜಿನ್ನಿಂಗ್ ಮಿಲ್ಲಿನವ್ರು ಮಷೀನ್ ಬಂದ್ ಮಾಡಿ ನಿಂತು ಕೇಳ್ತಾರಂತವ್ವ, ಎಲ್ಲಿ ಹೊಸ ಮಿಲ್ಲು ಹಾಕ್ಯಾರ ಅಂತ!” ಎಲ್ಲರಿಗಿಂತ ಮೊದಲು ತಾನೇ ನಕ್ಕುಬಿಟ್ಟರೆ ಉಳಿದವರ ನಗು ಅಷ್ಟು ಚುಚ್ಚುವುದಿಲ್ಲ. ಈಗ ನಾನೂ ಸ್ಟಾಫ್ ರೂಮಿನಲ್ಲಿ ಅದನ್ನೇ ಮಾಡುತ್ತೇನೆ.

ಆದರೆ ತೂಕಡಿಕೆಗೆ ಹಾಗೆ ನಗಲು ಬರುತ್ತಿರಲಿಲ್ಲ. ಆಕೆ ರೊಟ್ಟಿ ಬಡಿಯುತ್ತ ಹಿಟ್ಟಿನ ಮೇಲೆ ಕೈ ಇಟ್ಟುಕೊಂಡೇ ನಿದ್ದೆಹೋಗುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಮೇಲಿನ ನಮ್ಮ ಕೋಣೆಗೆ ಬಂದರೆ ಕೆಳಗೆ ಅಕ್ಕ ಮಲಗಿದ್ದಾಳೆ ಎಂದರ್ಥ. ಪೂಜೆಗೆ ಕೂತು ಎಡ ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ತಲೆ ಜೋಲಿ ಬಿಡುತ್ತಿತ್ತು. ದೊಡ್ಡವ್ವ ಮೊದಮೊದಲು ಬೈದರು, ಆಮೇಲೆ ಬಂದವರ ಮುಂದೆಲ್ಲ ಹೇಳಿಕೊಂಡು ಮರುಗಿದರು, ಕೊನೆಗೆ ಹೇಳುವುದನ್ನೂ ಬಿಟ್ಟರು. ಸೋಮಾರಿ ಸೊಸೆ ಎಂಬ ಹೆಸರು ಮಾತ್ರ ಗಟ್ಟಿಯಾಗಿ ನಿಂತಿತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಂಗಳಕ್ಕೆ ನೀರು ಹಾಕುತ್ತಿದ್ದವಳು ಆಕೆಯೇ.

ಡಾಕ್ಟರಿಗೆ ತೋರಿಸಲಿಲ್ಲವೆಂದಲ್ಲ. ತೋರಿಸಿದರು. ತೂಕ ಇಳಿಸಿ ಎಂದರಂತೆ. ಆಕೆ ರಾತ್ರಿ ಊಟ ಬಿಟ್ಟಳು. ಹಸಿವಾಯಿತೇ ಹೊರತು ನಿದ್ದೆ ಬರಲಿಲ್ಲ. ಮಠದ ಅಯ್ಯನವರು ಬಂದು ವಿಭೂತಿ ಮಂತ್ರಿಸಿ ಕೊಟ್ಟು, ಮೂಡಲಕ್ಕೆ ತಲೆ ಹಾಕಿ ನೆಟ್ಟಗೆ ಮಲಗಲಿ ಎಂದರು. ಆಕೆ ಮೂಡಲಕ್ಕೆ ತಲೆ ಹಾಕಿ ನೆಟ್ಟಗೆ ಮಲಗಿದಳು. ನೆಟ್ಟಗೆ ಮಲಗುವುದೇ ಆಕೆಗೆ ಆಗದ ಕೆಲಸವೆಂದು ಆಗ ಯಾರಿಗೆ ಗೊತ್ತಿತ್ತು…

ಗೊತ್ತಾದದ್ದು ಆಕೆಗೇ. ತವರಿಗೆ ಹೋಗಿ ಬರುವಾಗ ಬಸ್ಸಿನ ಕಿಟಕಿಗೆ ಒರಗಿ ಕೂತು, ದಾರಿಯುದ್ದಕ್ಕೂ ಎಂದೂ ಮಾಡದಂಥ ನಿದ್ದೆ ಮಾಡಿದಳಂತೆ. ಇಳಿಯುವ ಹೊತ್ತಿಗೆ ತಲೆ ಹಗುರ, ಕಣ್ಣು ನಿಚ್ಚಳ. “ಊರು ಬಂದಿದ್ದಕ್ಕ ಅಳು ಬಂತು ನೋಡು ಟೀಚರಮ್ಮ. ಇನ್ನೊಂದೀಟು ದೂರ ಇರಬಾರದಿತ್ತಾ ಈ ಆದವಾನಿ!” ಎಂದು ಹೇಳಿ ನಕ್ಕಿದ್ದಳು. ಕೂತರೆ ನಿದ್ದೆ ಬರುತ್ತದೆ ಎಂಬುದನ್ನು ಹಾಗೆ ಕಂಡುಕೊಂಡು, ಒಂದು ಸಂಜೆ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತು ಕಣ್ಣು ಮುಚ್ಚಿದಳು.

ನಮ್ಮವರಲ್ಲದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ. ಮೀಯಿಸಿ, ಹಣೆಗೆ ವಿಭೂತಿ ಹಚ್ಚಿ, ಬಾಯಿ ತೆರೆದುಕೊಳ್ಳದಂತೆ ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಿ, ಕಾಲು ಮಡಚಿ, ಅಂಗೈಗೆ ಲಿಂಗ ಕೊಟ್ಟು, ಗೋಡೆಗೆ ಆನಿಸಿ ಕೂರಿಸುತ್ತಾರೆ. ಬಂದವರು ಎದುರಿಗೆ ಕೂತು ಅಳುತ್ತಾರೆ, ಹಾಡುತ್ತಾರೆ. ಆಮೇಲೆ ಕೂತಹಾಗೆಯೇ ಹೊತ್ತು, ಮಣ್ಣಿನಲ್ಲೂ ಕೂತಹಾಗೆಯೇ ಇಡುತ್ತಾರೆ. ಚಿಕ್ಕಂದಿನಿಂದ ಅದನ್ನು ಕಂಡ ಕಣ್ಣಿಗೆ, ಗೋಡೆಗೊರಗಿ ಕಣ್ಣು ಮುಚ್ಚಿದ ಮನುಷ್ಯರೆಂದರೆ ಬೇರೆ ಅರ್ಥವಿಲ್ಲ.

ಅದೂ ಆ ಗೋಡೆ. ದೊಡ್ಡವ್ವನ ಗಂಡನನ್ನು ಕೂರಿಸಿದ್ದು ಅಲ್ಲೇ. ಅವರ ತಲೆಯ ಎಣ್ಣೆಯ ಕಲೆ ಸುಣ್ಣ ಹೊಡೆದಷ್ಟೂ ಮತ್ತೆ ಮೇಲೆ ಬರುತ್ತಿತ್ತು. ಅಕ್ಕ ಅದನ್ನೆಲ್ಲ ಯೋಚಿಸಿರಲಿಲ್ಲ, ಅಂಗಳದ ಗಾಳಿ ನೇರ ಅಲ್ಲಿಗೇ ಬೀಸುತ್ತಿತ್ತು, ಅಷ್ಟೇ. ದೇವರಿಗೆ ದೀಪ ಹಚ್ಚಲು ಬಂದ ದೊಡ್ಡವ್ವ, ಸೊಸೆ ಅಲ್ಲಿ, ಆ ಕಲೆಯ ಕೆಳಗೆ, ಬಾಯಿ ತೆರೆದು ಕೂತದ್ದನ್ನು ಕಂಡು ಕಿರುಚಿದ್ದು ಮೇಲೆ ನನಗೆ ಕೇಳಿಸಿತು. ನಾನು ಇಳಿದು ಬರುವಾಗ ದೀಪದ ಎಣ್ಣೆ ನೆಲದ ತುಂಬ ಹರಡಿತ್ತು. ದೊಡ್ಡವ್ವ ಬೈಯುತ್ತಿರಲಿಲ್ಲ. ಸೊಸೆಯ ಎರಡೂ ಭುಜ ಹಿಡಿದುಕೊಂಡು ಗಳಗಳ ಅಳುತ್ತಿದ್ದರು.

“ಮುತ್ತೈದಿ ಹಿಂಗ ಕುಂದ್ರಬಾರದವ್ವ. ನನ್ನ ಕಣ್ಣಾಗಿಂದ ಅವ್ರು ಕುಂತಿದ್ದು ಇನ್ನಾ ಹೋಗಿಲ್ಲ, ನೀನೂ ಕುಂದ್ರಬ್ಯಾಡ. ನಿನ್ನ ಕಾಲು ಬೀಳ್ತೀನಿ. ಮಲಗು ನೀನು, ಹೆಂಗರ ಮಲಗು, ಕುಂತು ಮಾತ್ರ ಮಲಗಬ್ಯಾಡ.”

ಅತ್ತೆ ಕಾಲಿಗೆ ಬೀಳುತ್ತೇನೆ ಎಂದ ಮೇಲೆ ಸೊಸೆ ಏನು ಮಾಡಬೇಕು? ಜಗಳವಾಗಿದ್ದರೆ ಅಕ್ಕ ಗೆಲ್ಲುತ್ತಿದ್ದಳೋ ಏನೋ. ಅಳುವಿನ ಎದುರು ಸೋತಳು. ಅಂದಿನಿಂದ ಆ ಮನೆಯಲ್ಲಿ ಆಕೆ ಕೂತು ಮಲಗುವ ಹಾಗಿಲ್ಲ. ದೊಡ್ಡವ್ವ ನಡುನಡುವೆ ಬಂದು ನೋಡಿ ಹೋಗುತ್ತಿದ್ದರು, ಕಾವಲಿಗಲ್ಲ, ಭಯಕ್ಕೆ.

ಹಾಗಾಗಿ ಅಕ್ಕ ಮಧ್ಯಾಹ್ನ ಮೇಲೆ ಬರತೊಡಗಿದಳು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಹಾಕುವುದು, ಹಪ್ಪಳ ಹರವುವುದು, ಇಂಥ ಒಂದು ನೆವ. ನಮ್ಮ ಶಾಲೆ ಒಂದೇ ಹೊತ್ತಿನದು. ನಾನು ಬಂದು ಊಟ ಮಾಡುವ ಹೊತ್ತಿಗೆ ಆಕೆಯ ಬಳೆಯ ಸದ್ದು ಮೆಟ್ಟಿಲ ಮೇಲೆ. ಒಳಗೆ ಬಂದು, ಕೌದಿಯನ್ನು ಸುತ್ತಿ ಬೆನ್ನಿಗೆ ಕೊಟ್ಟುಕೊಂಡು, ನನ್ನ ಗೋಡೆಗೆ ಆನಿಕೊಂಡು ಕೂರುತ್ತಿದ್ದಳು. “ಚಾ ಮಾಡಿದ ಮ್ಯಾಲ ಎಬ್ಬಸು. ಆರಾಕ ಬಿಡಬ್ಯಾಡ ಮತ್ತ,” ಎನ್ನುತ್ತಿದ್ದಳು. ವಾಕ್ಯ ಮುಗಿಯುವುದರೊಳಗೆ ನಿದ್ದೆ.

ಆ ನಿದ್ದೆಯನ್ನು ನಾನು ನೋಡಿದ್ದೇನೆ. ಗೊರಕೆ ಇಲ್ಲ. ತಲೆ ಸ್ವಲ್ಪ ಒಂದು ಕಡೆಗೆ ವಾಲಿ, ಎದೆ ಮೆಲ್ಲಗೆ ಏರಿ ಇಳಿದು, ಹಣೆಯ ಗಂಟು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿತ್ತು. ಕೆಳಗೆ ಪಡಸಾಲೆಯಲ್ಲಿ ಮಲಗಿದ್ದಾಗಿನ ಒದ್ದಾಟ, ನೀರಿನಿಂದ ಮೇಲೆ ಬಂದವರಂತೆ ಬಾಯಿ ತೆರೆದು ಗಾಳಿ ಕಚ್ಚುವುದು, ಯಾವುದೂ ಇಲ್ಲ. ನಾನು ಕಾಂಪೋಜಿಷನ್ ತಿದ್ದುತ್ತ ಕೂತಿರುತ್ತಿದ್ದೆ. ತಿದ್ದುತ್ತ ಚಿಂತೆಯನ್ನೂ ಮಾಡುತ್ತಿದ್ದೆ: ದೊಡ್ಡವ್ವ ಮೇಲೆ ಬಂದರೆ? ಬಾಡಿಗೆ ಮನೆ ಬಿಡಿಸಿದರೆ? ಇಷ್ಟು ಅಗ್ಗದ ಕೋಣೆ ಇನ್ನೆಲ್ಲಿ ಸಿಗುತ್ತದೆ? ಸ್ಟೋವಿನ ಮೇಲೆ ಚಹಾ ಕುದಿಯುತ್ತಿತ್ತು. ಎಬ್ಬಿಸಿದರೆ ಆಕೆ ಕಣ್ಣು ತೆರೆದು, ಎಲ್ಲಿದ್ದೇನೆಂದು ಒಂದು ಗಳಿಗೆ ತಿಳಿಯದೆ, ಆಮೇಲೆ ತಿಳಿದು, ಒಂದು ಥರ ನಗುತ್ತಿದ್ದಳು.

ಒಮ್ಮೆ ಚಹಾ ಕುಡಿಯುತ್ತ ಅಂದಳು: “ಅಂಗಡಿಗೆ ಹೋಗಿ ನೋಡು ಟೀಚರಮ್ಮ. ನಮ್ಮನಿಯವ್ರು ಊಟ ಆದ ಮ್ಯಾಲ ಲೋಡಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಸಂಜಿ ತನಕ ಕುಂತಿರ್ತಾರ. ಯಾರರ ಹಾ ಅಂತಾರೇನು? ಗಂಡಸು ಕುಂತು ಮಲಗಿದ್ರ ಯಾಪಾರ. ನಾ ಕುಂತು ಮಲಗಿದ್ರ ಹೆಣ!”

ನನಗೆ ನಗು ಬಂತು, ನಕ್ಕ ಮೇಲೆ ಮೈ ಜುಮ್ಮೆಂದಿತು. “ಇನ್ನೊಂದು ಸಲ ದೊಡ್ಡವ್ವಗ ಹೇಳಿ ನೋಡ್ರಿ ಅಕ್ಕ,” ಎಂದೆ.

“ಹೇಳ್ತೀನಿ. ಈ ಮದಿವಿ ಒಂದು ಮುಗೀಲಿ. ಆಮ್ಯಾಲ ನೋಡು, ಆಕಿ ಕೈಯಾಗನ ಅಂಗಡಿ ಲೋಡು ತರಸ್ತೀನಿ. ‘ಕುಂದ್ರವ್ವ, ಕುಂತು ಮಲಗು’ ಅಂತ ಆಕಿನ ಅನ್ನಬೇಕು, ಹಂಗ ಮಾಡ್ತೀನಿ.”

ಮದುವೆ ಆಕೆಯ ನಾದಿನಿಯದು. ಗಂಡು ಕೋಸಗಿಯ ಕಡೆಯವನು. ಮನೆ ತುಂಬ ನೆಂಟರು ಸೇರಿದರು. ಪಡಸಾಲೆ, ಮಾಳಿಗೆ, ಮೆಟ್ಟಿಲು, ಎಲ್ಲೆಲ್ಲೂ ಹಾಸಿಗೆ. ಶಾಲೆಗೆ ರಜೆ ಹಾಕಿ ನಾನೂ ಸೆರಗು ಸಿಕ್ಕಿಸಿ ಓಡಾಡಿದೆ. ನಮ್ಮ ಕೋಣೆಯಲ್ಲೂ ಬೀಗರ ಕಡೆಯ ಹೆಂಗಸರನ್ನು ಇಳಿಸಿದ್ದರು. ಹಾಗಾಗಿ ಅಕ್ಕನಿಗೆ ಆನಿಕೊಳ್ಳಲು ಒಂದು ಗೋಡೆಯೂ ಉಳಿಯಲಿಲ್ಲ. ಹಗಲು ನಿಂತೇ ಇರುತ್ತಿದ್ದಳು. ರಾತ್ರಿ ನೆಂಟರ ಸಾಲಿನಲ್ಲಿ ಎಲ್ಲರಂತೆ ನೆಟ್ಟಗೆ ಮಲಗಿ, ಮಲಗದೆ ಏಳುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಅಕ್ಕಿಕಾಳು ಹಾಕುವಾಗ ಕಂಬಕ್ಕೆ ಭುಜ ಕೊಟ್ಟು ನಿಂತು, ಅಕ್ಕಿ ಹಿಡಿದ ಕೈ ಮೇಲೆತ್ತಿದ ಹಾಗೆಯೇ ನಿದ್ದೆ ಹೋದದ್ದನ್ನು ನಾನು ಕಂಡು ಚಿವುಟಿದೆ. “ಬಿಡು ಟೀಚರಮ್ಮ, ಇನ್ನೇನು ನಾಳಿ ಒಂದಿನ. ಆಮ್ಯಾಲ ನಿಮ್ಮ ಗ್ವಾಡಿ ನಂದು,” ಎಂದಳು.

ಮರುದಿನ ಊಟದ ನಂತರ ಮದುಮಗಳನ್ನು ಕಳಿಸಿಕೊಟ್ಟರು. ಜೀಪುಗಳು ಓಣಿ ದಾಟಿದ ಮೇಲೆ ಮನೆಗೆ ಮನೆಯೇ ಕುಸಿದು ಕೂತಂತೆ ಎಲ್ಲರೂ ಪಡಸಾಲೆಯಲ್ಲಿ ಅಡ್ಡಾದರು. ಅಕ್ಕ ಪಾತ್ರೆ ಬಳಿಯುತ್ತ ಅಂಗಳದಲ್ಲೇ ತೂಗುತ್ತಿದ್ದಳು. ದೊಡ್ಡವ್ವ ಹೋಗಿ ಆಕೆಯ ಕೈಯಿಂದ ತೆಂಗಿನ ಚಿಪ್ಪು ಕಸಿದುಕೊಂಡರು. ಮಗಳನ್ನು ಕಳಿಸಿದ ಅಳುವಿನ್ನೂ ಅವರ ಕೆನ್ನೆಯ ಮೇಲಿತ್ತು. ಸೊಸೆಯ ಮೇಲೆ ಅವರಿಗೆ ಅಷ್ಟು ಪ್ರೀತಿ ಉಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕೈ ಹಿಡಿದು ಕರೆತಂದು, ಪಡಸಾಲೆಯ ನಡುವೆ ತಾವೇ ಚಾಪೆ ಬಿಡಿಸಿ, ತಮ್ಮ ದಿಂಬು ಇಟ್ಟು ಮಲಗಿಸಿದರು. ಮಡಚಿದ ಕಾಲನ್ನು ಕೈಯಾರೆ ನೀಡಿದರು.

“ಮಲಗವ್ವ. ಕಾಲು ಚಾಚಿ, ನೆಟ್ಟಗ, ಹೊಟ್ಟಿತುಂಬ ನಿದ್ದಿ ಮಾಡು. ಇವತ್ತು ನಿನ್ನ ಯಾರೂ ಎಬ್ಬಸಂಗಿಲ್ಲ. ನಾ ಅದೀನಿ.”

ಅಕ್ಕ ಒಮ್ಮೆ ಗೋಡೆಯ ಕಡೆ ನೋಡಿದಳು. ಆಮೇಲೆ ದಿಂಬಿಗೆ ತಲೆ ಇಟ್ಟಳು. ಅಷ್ಟು ಪ್ರೀತಿಯಿಂದ ಮಲಗಿಸಿದರೆ ಯಾರು ತಾನೇ ಬೇಡ ಎಂದಾರು…

ನಾನು ಮೇಲೆ ಹೋಗಿ, ಬೀಗರು ಬಿಟ್ಟುಹೋದ ಕೋಣೆಯನ್ನು ಗುಡಿಸತೊಡಗಿದೆ. ಕೆಳಗಿಂದ ಗೊರಕೆ ಕೇಳುತ್ತಿತ್ತು. ದೊಡ್ಡದು, ಎಂದಿನದೇ. ನೆಂಟರಲ್ಲಿ ಒಬ್ಬ ಹೆಂಗಸು ನಗುತ್ತಿದ್ದಳು. ನನ್ನ ತಲೆಯಲ್ಲಿ ನನ್ನ ಚಿಂತೆಗಳು: ಮದುವೆಗೆಂದು ಕೊಟ್ಟ ನನ್ನ ತಾಮ್ರದ ಹಂಡೆ ಯಾರ ಜೀಪಿನಲ್ಲಿ ಹೋಯಿತು, ಚಾದರಕ್ಕೆ ಎಲೆಅಡಿಕೆಯ ಕಲೆ ಬಿದ್ದಿದೆಯೋ, ನಾಳೆ ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಇದೆಯೋ. ಗೊರಕೆ ನಿಂತದ್ದು ಕೇಳಿಸಿತು. ಕೆಳಗೆ ಯಾರೋ, “ಅಬ್ಬಾ, ಈಗ ನಿದ್ದಿ ಹತ್ತಿತು ನೋಡು ಆಕಿಗೆ,” ಎಂದರು. ಆಗದ್ದಕ್ಕೆಲ್ಲ ಮುಂಚೆಯೇ ಚಿಂತಿಸಿ ಇಟ್ಟುಕೊಳ್ಳುವ ನನಗೆ ಅದೊಂದು ಚಿಂತೆ ಬರಲಿಲ್ಲ. ನಿಂತ ಗೊರಕೆಗೆ ಯಾರು ತಾನೇ ಚಿಂತಿಸುತ್ತಾರೆ?

ಚಹಾದ ಹೊತ್ತಿಗೆ ಇಳಿದು ಬಂದೆ. ಎಲ್ಲರೂ ಎದ್ದು ಕೂತು ಚಹಾ ಕುಡಿಯುತ್ತಿದ್ದರು. ಅಕ್ಕನ ತಲೆಯ ಹತ್ತಿರವೂ ಒಂದು ಲೋಟ ಇತ್ತು. ಯಾರೋ ತಂದಿಟ್ಟಿದ್ದರು. ಎಬ್ಬಿಸಲು ಹೋದವರನ್ನು ದೊಡ್ಡವ್ವ ತಡೆದಿದ್ದರು: “ಮಲಗ್ಲಿ ಬಿಡ್ರಿ.” ಅವರು ಸೊಸೆಯ ಪಕ್ಕದಲ್ಲೇ ಕೂತು, ಸೆರಗಿನಿಂದ ಆಕೆಯ ಮುಖಕ್ಕೆ ನೊಣ ಕೂರದಂತೆ ಗಾಳಿ ಹಾಕುತ್ತಿದ್ದರು. ಲೋಟದ ಚಹಾದ ಮೇಲೆ ಕೆನೆ ಕಟ್ಟಿತ್ತು. ಆರಾಕ ಬಿಡಬ್ಯಾಡ ಎನ್ನುತ್ತಿದ್ದಳಲ್ಲ ಎಂದು ನಾನು ಬಗ್ಗಿ ಆಕೆಯ ಕೈ ಮುಟ್ಟಿದೆ…

ಎದೆ ನಿಂತಿತು ಎಂದರು ಬಂದ ಡಾಕ್ಟರು. ಹಾಗೇ ಇರಬೇಕು. ಈಗ ಬಳ್ಳಾರಿಯ ಡಾಕ್ಟರು ನನಗೆ ವಿವರಿಸಿದ್ದನ್ನು ಅಂದಿಗೆ ಒಯ್ದು ಜೋಡಿಸುವ ವಿದ್ಯೆ ನನಗಿಲ್ಲ. ಜೋಡಿಸದೆ ಇರಲೂ ಆಗುವುದಿಲ್ಲ.

ಮೀಯಿಸಿದರು. ಮದುವೆಗೆ ತಂದ ಹಸಿರು ಸೀರೆಯನ್ನೇ ಉಡಿಸಿದರು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದರು. ಅದೇ ಗೋಡೆಗೆ, ಮಾವನ ಎಣ್ಣೆಯ ಕಲೆಯ ಕೆಳಗೆ ಕೂರಿಸಿದರು. ಮೈ ಭಾರವಾಗಿ ಪಕ್ಕಕ್ಕೆ ಜಾರುತ್ತಿತ್ತು. ಗಂಡಸರು ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು ಹಿಡಿದಿದ್ದರು. ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ ತಲೆ ಎತ್ತಿದರು.

“ಅಂಗಡಿಗೆ ಹೋಗಿ ಲೋಡು ತರ್ರಿ. ಬೆನ್ನಿಗೆ ಲೋಡು ಕೊಡ್ರಿ ಆಕಿಗೆ.” ಮಗ ಅಳುತ್ತ ನಿಂತೇ ಇದ್ದ. ದೊಡ್ಡವ್ವ ಎದ್ದು, “ಹೋಗೋ, ನೋಡ್ತಾ ನಿಂತೀಯಲ್ಲ! ಆಕಿಗೆ ಕುಂತ್ರನ ನಿದ್ದಿ ಬರೂದು,” ಎಂದರು.

ಅರಳೆಯ ವಾಸನೆಯ ಲೋಡು ಬಂತು. ದೊಡ್ಡವ್ವ ತಾವೇ ಅದನ್ನು ಸೊಸೆಯ ಬೆನ್ನಿಗೆ ಒತ್ತಿ, ಸರಿಮಾಡಿ, ಮತ್ತೆ ಸರಿಮಾಡಿ, ತಲೆ ವಾಲದಂತೆ ಕೂರಿಸಿದರು. ಅಕ್ಕ ಹೇಳಿದಂತೆಯೇ ಮಾಡಿದಳು. ದೊಡ್ಡವ್ವನ ಕೈಯಿಂದಲೇ ಲೋಡು ತರಿಸಿದಳು.

ಆಮೇಲೆ ನಾವು ಆ ಮನೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಮಧ್ಯಾಹ್ನದ ಹೊತ್ತು ಮೆಟ್ಟಿಲ ಮೇಲೆ ಬಳೆಯ ಸದ್ದಿಗೆ ಕಿವಿ ಕಾಯುತ್ತಿತ್ತು. ಚಹಾಕ್ಕೆ ನೀರು ಇಡುವಾಗ ಕೈ ತಾನಾಗಿ ಒಂದು ಲೋಟ ಹೆಚ್ಚು ಅಳೆಯುತ್ತಿತ್ತು. ಬೇರೆ ಓಣಿಗೆ ಹೋದೆವು. ದೊಡ್ಡವ್ವನೂ ತೀರಿಕೊಂಡರು ಎಂದು ಯಾರೋ ಹೇಳಿದರು…

ಮಷೀನು ಬಂದ ಮೇಲೆ ಒಂದು ವಾರ ಅದು ನನ್ನ ಮನೆಯಲ್ಲಿ ಅಲಂಕಾರಕ್ಕಿತ್ತು. ಕರ್ನೂಲಿನ ಹುಡುಗ ಫೋನು ಮಾಡಿ, “ಏಮ್ಮಾ, ದೋಸ್ತಿ ಆಯ್ತಾ?” ಎಂದು ಕೇಳುತ್ತಿದ್ದ. “ಮಾತುಕತೆ ನಡದೈತಪ್ಪ,” ಎನ್ನುತ್ತಿದ್ದೆ. ಯಜಮಾನರಿಗೆ ಅಕ್ಕನ ನೆನಪು ಇತ್ತು, ಆದರೆ ಕನ್ನಡಿಯಲ್ಲಿ ನಾನು ಕಂಡದ್ದನ್ನು ಹೇಳಿರಲಿಲ್ಲ. ಒಂದು ರಾತ್ರಿ ಹೇಳಿದೆ. ಅವರು ನಗಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಅಲಮಾರಿನ ಕನ್ನಡಿಗೆ ನನ್ನ ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಲೋಡನ್ನು ಗೋಡೆಗಿಟ್ಟು ಕೂತೆ. ಗದ್ದದ ಪಟ್ಟಿಯನ್ನು ಕೈಗೆತ್ತಿಕೊಂಡು ಕೆಳಗಿಟ್ಟೆ. ಮತ್ತೆ ಎತ್ತಿ ಕಟ್ಟಿದೆ. ಕಟ್ಟುವಾಗ ಮನಸ್ಸಿನಲ್ಲಿ ಆಕೆಯ ಜೊತೆ ಮಾತಾಡಿದೆ. ಆಕೆಗೆ ಇದನ್ನು ಕಟ್ಟಿದ್ದು ಉಸಿರು ಮುಗಿದ ಮೇಲೆ, ನಾನು ಕಟ್ಟಿಕೊಳ್ಳುತ್ತಿರುವುದು ಉಸಿರಿಗಾಗಿ. ಬಟ್ಟೆ ಅದೇ, ಗಂಟೂ ಅಲ್ಲೇ. ಮುಖವಾಡ ಏರಿಸಿ ಗುಂಡಿ ಒತ್ತಿದೆ.

ಮೊದಲು ಗಾಳಿ ಎಲ್ಲೋ ದೂರದಿಂದ ಬಂದಂತೆ ಸಣ್ಣಗೆ ಬರುತ್ತದೆ. ಆಮೇಲೆ ಮೆಲ್ಲಗೆ ಏರುತ್ತದೆ. ಅದನ್ನು ತಳ್ಳಲು ಹೋದರೆ ಅದೂ ತಳ್ಳುತ್ತದೆ. ನನ್ನ ಎದೆ ಹಟಕ್ಕೆ ಬಿದ್ದು ಎರಡು ಸಲ ಜಗಳವಾಡಿತು. ಉಸಿರು ಬಿಡಲು ಬರುವುದಿಲ್ಲ ಎಂದು ಗಾಬರಿಯಾಯಿತು. ಕಿವಿಯಲ್ಲಿ ಗುಂಯ್ ಎಂದಿತು. ಗಂಟಲೊಣಗಿತು. ಕೈ ಪಟ್ಟಿಯವರೆಗೆ ಹೋಗಿ ನಿಂತಿತು. ಆಗ ಆಕೆಯ ಎದೆ ನನ್ನ ಹಳೆಯ ಗೋಡೆಯ ಮುಂದೆ ಏರಿ ಇಳಿಯುತ್ತಿದ್ದ ರೀತಿ ನೆನಪಿಗೆ ಬಂತು. ಏರುವುದಕ್ಕೂ ಅವಸರವಿಲ್ಲ, ಇಳಿಯುವುದಕ್ಕೂ ಅವಸರವಿಲ್ಲ. ಅದೇ ಲಯಕ್ಕೆ ಎಳೆದೆ, ಬಿಟ್ಟೆ, ಎಳೆದೆ. ಯಾವಾಗಲೋ ಗಾಳಿ ತಳ್ಳುವುದನ್ನು ಬಿಟ್ಟು ಜೊತೆಗೆ ನಡೆಯತೊಡಗಿತು. ಅರಳೆಯ ವಾಸನೆ ಮುಖವಾಡದ ಒಳಗೂ ಬರುತ್ತಿತ್ತು. ಹಣೆಯ ಗಂಟು ಬಿಚ್ಚಿಕೊಳ್ಳುತ್ತಿರುವುದು ನನಗೇ ತಿಳಿಯಿತು…

ಕಣ್ಣು ತೆರೆದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಎಲ್ಲಿದ್ದೇನೆಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಲೆ ಹಗುರವಾಗಿತ್ತು. ಇಷ್ಟು ವರ್ಷ ತಲೆಯೊಳಗೆ ಹೊತ್ತುಕೊಂಡಿದ್ದ ಒದ್ದೆ ಅರಳೆಯ ಮೂಟೆಯನ್ನು ಯಾರೋ ಇಳಿಸಿಕೊಂಡು ಹೋದಂತಿತ್ತು. ಇದಕ್ಕೇ ಆಕೆ ಬಸ್ಸಿನಿಂದ ಇಳಿಯುವಾಗ ಅತ್ತದ್ದು. ಇಷ್ಟನ್ನೇ ಆಕೆ ಆ ಮನೆಯಲ್ಲಿ ಕೇಳಿದ್ದು, ಒಂದು ಗೋಡೆ.

ಕರೆಂಟು ಹೋಗಿರಲಿಲ್ಲ. ಕೊಳವೆ ಸುತ್ತಿಕೊಂಡಿರಲಿಲ್ಲ. ಶಿವದಾರ ಅದರ ಪಾಡಿಗೆ ಅದಿತ್ತು, ಪಟ್ಟಿ ಅದರ ಪಾಡಿಗೆ. ಇರುವೆ ಬಂದಿರಲಿಲ್ಲ, ಹಲ್ಲಿ ಸೂರಿನಿಂದ ಇಳಿದಿರಲಿಲ್ಲ, ಮಷೀನು ಕೆಮ್ಮಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ಚಹಾ ಇತ್ತು. ಎದುರಿನ ಕುರ್ಚಿಯಲ್ಲಿ ಯಜಮಾನರು ಪೇಪರು ಹಿಡಿದು ಕೂತಿದ್ದರು. ಪೇಪರು ಓದುತ್ತಿರಲಿಲ್ಲ, ನನ್ನ ಎದೆಯನ್ನೇ ನೋಡುತ್ತಿದ್ದರು.

ಮುಖವಾಡ ಸರಿಸಿ, “ಎಬ್ಬಸಬಾರದಿತ್ತೇನ್ರಿ?” ಎಂದೆ.

“ಮಲಗ್ಲಿ ಅಂತ ಬಿಟ್ಟೆ,” ಎಂದರು.

ಚಹಾ ಆರಿಹೋಗಿತ್ತು. ಮೇಲೆ ಕೆನೆ ಕಟ್ಟಿತ್ತು. ಬೆರಳಿನಿಂದ ಅದನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಆನಿಕೊಂಡೇ, ತಣ್ಣಗಿನ ಅದನ್ನು ಪೂರಾ ಕುಡಿದೆ.